ನೆರೈದಾಳ ಹೊಸ ಕ್ಲಾರಿನೆಟ್

ವಹಾಕಾ ಸೀಮೆಯ ನಮ್ಮ ಬೆಟ್ಟದೂರಿನಲ್ಲಿ ಬ್ಯಾಂಡಿಗೆ ಹೊಸ ವಾದ್ಯ ಬಂದರೆ ಪಾದ್ರಿಗಳು ತೀರ್ಥ ಚಿಮುಕಿಸುತ್ತಾರೆ. ಮಗುವಿಗಿರುವಂತೆ ಅದಕ್ಕೂ ಒಬ್ಬಳು ಧರ್ಮತಾಯಿ ಇರುತ್ತಾಳೆ. ಬ್ರೆಡ್ ಸುಡುವ ನೆರೈದಾ ನಮ್ಮ ಬ್ಯಾಂಡಿನ ಮೊದಲ ಹೆಂಗಸು. ಅವಳ ಮರದ ಕ್ಲಾರಿನೆಟ್ಟಿಗೆ ನಾನೇ ಧರ್ಮತಾಯಿ.

ತಪ್ಪೂ ನನ್ನದೇ. ತೀರ್ಥ ಬಿದ್ದ ದಿನ ಹೊಸ ವಾದ್ಯ ಸುಮ್ಮನಿರಬಾರದೆಂಬ ಪದ್ಧತಿ ಹೇಳಿ, ಭಾನುವಾರ ಸಂಜೆಯವರೆಗೂ ಮಂಜಿನಲ್ಲಿ ಅವಳಿಂದ ನುಡಿಸಿದೆ. ಎಳೆಯ ಮರ ಉಸಿರಿನ ತೇವ ಕುಡಿದು ಉಬ್ಬಿತು. ನಡುವಿನ ಜೋಡಣೆ ಬಿಗಿದು, ಎರಡು ತುಂಡುಗಳು ಬೇರೆಯಾಗಲೊಲ್ಲವು. ಬಿಚ್ಚಿ ಒಳಗಿನ ತೇವ ಒರೆಸದೆ ಹಾಗೆಯೇ ನುಡಿಸಿದರೆ ಮರ ಸೀಳುತ್ತದೆ. ಬುಧವಾರ ಪಕ್ಕದೂರಿನ ಬ್ಯಾಂಡನ್ನು ಊರ ಬಾಗಿಲಲ್ಲಿ ಎದುರುಗೊಳ್ಳಬೇಕು; ಮೊದಲ ಸ್ವರ ನೆರೈದಾಳದು.

"ಕೊಡಿಲ್ಲಿ, ತಿರುಚಿದ್ರೆ ಆಯ್ತು. ಹಿಟ್ಟು ನಾದೋ ಕೈಗೆ ಇದೆಲ್ಲ ಎಲ್ಲಾಗುತ್ತೆ?" ಎಂದ ಟ್ಯೂಬಾ ಎಂಬ ಹಿತ್ತಾಳೆಯ ದೊಡ್ಡ ಕಹಳೆ ಊದುವ ಎಲಾದಿಯೊ.

"ತಿರುಚಿದ್ರೆ ಬೆರಳೊತ್ತೋ ಕೀಲಿಗಳು ಬಾಗ್ತವೆ, ಎಲಾದಿಯೊ ಮಾವ. ನಿಮ್ಮ ಟ್ಯೂಬಾನಾ ಇದು, ಮೆಟ್ಟಿಲ ಮೇಲಿಂದ ಬಿದ್ರೂ ಅದೇ ಸ್ವರ ಬರೋಕೆ?" ಎಂದಳು ನೆರೈದಾ.

"ಹಾಗಾದ್ರೆ ನಿನ್ನ ಒಲೆ ಹತ್ರ ಇಡು, ಒಣಗ್ಲಿ."

"ನಮ್ಮಜ್ಜಿ ಹಿಟ್ಟು ನಾದೋ ಮರದ ಮರಿಗೇನ ಹಾಗೇ ಒಣಗ್ಸೋಕೆ ಹೋಗಿ ಅದು ಎರಡು ಹೋಳಾಯ್ತು. ಇದು ಮಲಗ್ಬೇಕು, ಅಷ್ಟೆ."

ಗಾಳಿ, ಬೆಂಕಿ ಎರಡೂ ತಾಕದ ಉಗ್ರಾಣದಲ್ಲಿ ಹಿಟ್ಟಿನ ಚೀಲದ ಮೇಲೆ ಅದನ್ನು ಮಲಗಿಸಿದಳು. ಆದರೆ ಮಂಗಳವಾರ ಅಭ್ಯಾಸವಿತ್ತು. ವಾದ್ಯ ತರದಿದ್ದರೆ ಮೊದಲ ಸ್ವರ ಬೇರೆಯವರ ಪಾಲು. ಅಷ್ಟರಲ್ಲಿ ಸುದ್ದಿ ಬಂತು: ಎಲಾದಿಯೊನ ತುಟಿ ಊದಿದೆ, ಟ್ಯೂಬಾ ಇಲ್ಲದೆ ಅಭ್ಯಾಸವಿಲ್ಲ. ಮಧ್ಯಾಹ್ನ ಅವನ ಮನೆ ಮುಂದೆ ಹೋದೆ. ಖಾರದ ತಮಾಲೆ ಮೆಲ್ಲುತ್ತಿದ್ದವನು ನನ್ನನ್ನು ಕಂಡು, ಚೆನ್ನಾಗಿಯೇ ಇದ್ದ ಆ ತುಟಿಯ ಮೇಲೆ ಬೆರಳಿಟ್ಟುಕೊಂಡ.

ಬುಧವಾರ ಬೆಳಿಗ್ಗೆ ನೆರೈದಾ ಕೀಲಿಗಳನ್ನು ಒತ್ತದೆ, ಜೋಡಣೆಯ ಎರಡೂ ಬದಿ ಹಿಡಿದು, ಕೂದಲೆಳೆಯಷ್ಟು ಅತ್ತ ಇತ್ತ ಆಡಿಸಿದಳು. ಬಹಳ ಹೊತ್ತು. ಕೊನೆಗೆ ಮೆತ್ತಗೆ ಬಿಟ್ಟುಕೊಂಡಿತು. ಒಂದು ತುಂಡಿನ ಬಾಯಿಯ ಒಳಬದಿಗೆ ಪೆನ್ಸಿಲಿನ ಕಪ್ಪು ತೀಡಿ, ಇನ್ನೊಂದರ ತುದಿಯನ್ನು ಒಮ್ಮೆ ತೂರಿಸಿ ತೆಗೆದಳು. ಬಿಗಿಯಾಗಿ ತಾಕಿ ಮರಕ್ಕೆ ಕಪ್ಪು ಹತ್ತಿದ ಕಡೆ ಮಾತ್ರ ನಯವಾದ ಉಜ್ಜುಕಾಗದ, ಎರಡೇ ಎರಡು ಸಲ. ತುದಿಗೆ ಸುತ್ತಿದ ಬೆಂಡಿಗೆ ಜಿಡ್ಡು ಸವರಿ ಜೋಡಿಸಿ ನನ್ನ ಕೈಗಿತ್ತಳು.

"ನೀವೇ ಬಿಚ್ಚಿ, ಅಮ್ಮ."

ನನ್ನ ಎಪ್ಪತ್ತೆಂಟರ ಬೆರಳುಗಳಿಗೂ ಅದು ಬಿಚ್ಚಿಕೊಂಡಿತು.

ಮಧ್ಯಾಹ್ನ ಮೊದಲ ಸ್ವರ ಅವಳದೇ ಆಯಿತು. ಬೆಟ್ಟದ ಮೇಲೆ ಅದು ಏರಿದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಕಾಲು ಗಂಟೆಯಾಗುತ್ತಲೇ, ಎಳೆಯ ಮರಕ್ಕೆ ಇಷ್ಟೇ ಸಾಕೆಂದು, ಎಲ್ಲರೆದುರು ನಿಲ್ಲಿಸಿ, ಬಿಚ್ಚಿ, ಒರೆಸಿ, ತುಂಡುಗಳನ್ನು ನನ್ನ ಶಾಲಿನಲ್ಲಿಟ್ಟಳು.

"ಯಾಕೆ, ಸುಸ್ತಾಯ್ತಾ ಹೆಂಗಸಿಗೆ?" ಎಂದು ಬಂದವರಲ್ಲೊಬ್ಬ ನಕ್ಕ.

ಎಲಾದಿಯೊ ಟ್ಯೂಬಾದಿಂದ ಬಾಯಿ ತೆಗೆದ. "ಮೆಲ್ಲಗೆ ಮಾತಾಡಪ್ಪ," ಎಂದ. "ನಮ್ಮ ಮಗು ಮಲಗಿದೆ."