ಸಲಾಕೆ ಹಾಕಿದ ಮೋರಿ

ಮುರುಮ ಊರಿನ ಮನ್ಮಥಪ್ಪನಿಗೆ ದೇವರು ಹೊಲ, ವಾಡೆಯಂಥ ದೊಡ್ಡ ಮನೆ, ದನ ಎಲ್ಲ ಕೊಟ್ಟಿದ್ದ, ತಾಳ್ಮೆ ಒಂದನ್ನು ಬಿಟ್ಟು. ಆಗ ನಿಜಾಮರ ರಾಜ್ಯ. ಮಗಳನ್ನು ನೋಡಲು ನಿಲಂಗದಿಂದ ಗಂಡಿನ ಕಡೆಯವರು ಬರುವ ದಿನವೇ ವಾಡೆಯ ಬಚ್ಚಲ ಮೋರಿ ಕಟ್ಟಿಕೊಂಡು, ಹೊಲಸು ನೀರು ಪಡಸಾಲೆಯ ತನಕ ಬಂತು. ತಂದೆ ಹಾಸಿಸಿದ್ದ ಮಣ್ಣಿನ ಕೊಳವೆ ಅದು. ಪಕ್ಕದ ಮನೆಯ ಕುರುಬರ ಖಂಡೆಪ್ಪನ ಅಂಗಳದ ಕೆಳಗೆ ಹಾಯ್ದು ಓಣಿಗೆ ಬೀಳುತ್ತಿತ್ತು.

ಮನ್ಮಥಪ್ಪ ಕಮ್ಮಾರನ ಮನೆಯಿಂದ ಉದ್ದನೆಯ ಕಬ್ಬಿಣದ ಸಲಾಕೆ ತರಿಸಿದ. ಖಂಡೆಪ್ಪನ ತಾಯಿ ಮಾಳವ್ವ ಗೋಡೆಯಾಚೆಯಿಂದಲೇ ತಡೆದಳು. ಆ ಕೊಳವೆ ಹಾಸುವಾಗ ಮಣ್ಣು ಹೊತ್ತ ಮುದುಕಿ ಅವಳು.

"ಧಣಿ, ಮಣ್ಣಿನ ಕೊಳವಿಗಿ ಕಬ್ಬಿಣ ಹಾಕಬ್ಯಾಡ್ರಿ. ಹಸಿ ಬಿದಿರ ಸೀಳಿಗಿ ಅರಿವಿ ಸುತ್ತಿ ಓಣಿ ಕಡಿಂದ ನೂಕ್ರಿ. ಅದು ಬಾಗ್ತದ, ಕೊಳವಿ ಉಳೀತದ."

ಕುರಿ ಕಾಯುವವರಿಂದ ಮೋರಿಯ ಪಾಠ ಕಲಿಯುವ ಗತಿ ತನಗಿನ್ನೂ ಬಂದಿಲ್ಲ ಎಂದ ಅವನು. ಸಲಾಕೆಯ ಮೂರನೇ ತಿವಿತಕ್ಕೆ ಒಳಗೇನೋ ಟಪ್ಪೆಂದಿತು, ನೀರು ಗಳಗಳನೆ ಇಳಿದುಹೋಯಿತು. ಮೀಸೆಯ ಮೇಲೆ ಕೈಯಾಡಿಸುತ್ತ ಓಣಿಗೆ ಬಂದು ನೋಡಿದರೆ ಕೊಳವೆಯ ಬಾಯಲ್ಲಿ ಒಂದು ಹನಿಯೂ ಇಲ್ಲ. ಕೊಳವೆ ಒಡೆದು ನೀರು ನೆಲದೊಳಗೇ ಇಳಿಯುತ್ತಿದೆ ಎಂದು ಅವನಿಗೆ ಆಗಲೇ ತಿಳಿಯಿತು. ಆದರೆ ಬರುವವರು ಬರುವ ಹೊತ್ತು, ಆಮೇಲೆ ನೋಡಿದರಾಯಿತು ಎಂದುಕೊಂಡ. ಸಂಬಂಧ ಕುದುರಿತು, ಆ ಸಡಗರದಲ್ಲಿ 'ಆಮೇಲೆ' ಬರಲೇ ಇಲ್ಲ.

ಶ್ರಾವಣದಲ್ಲಿ ಖಂಡೆಪ್ಪ ಅಂಗಳದ ಹಗೇವು ತೆಗೆದ. ವರ್ಷದ ಜೋಳವೆಲ್ಲ ನೆಲದೊಳಗಿನ ಆ ಗುಂಡಿಯಲ್ಲೇ ಇತ್ತು. ಕಪ್ಪಾಗಿ, ಮುದ್ದೆಯಾಗಿ ನಾರುತ್ತಿತ್ತು. ನೀರು ತಾಗದಂತೆ ಹಗೇವಿನ ಒಳಸುತ್ತ ಹುಲ್ಲು ಹೊಂದಿಸಿದವಳು ಮಾಳವ್ವ. ಮುದುಕಿಯ ಕೈ ಸೋತಿದೆ, ಮಳೆ ನೀರು ಇಳಿದಿದೆ ಎಂದು ಓಣಿಯೆಲ್ಲ ಆಡಿಕೊಂಡಿತು. ಹೆತ್ತ ಮಗನೂ ಅದನ್ನೇ ಅಂದ. ಅವಳು ಒಂದು ಹಿಡಿ ಜೋಳ ಮೂಸಿ ನೋಡಿ ಒಳಗೆ ಹೋದಳು.

ಗೋಡೆಯ ಈಚೆ ಮನ್ಮಥಪ್ಪನಿಗೆ ಎಲ್ಲ ಕೇಳಿಸುತ್ತಿತ್ತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ತನಗೇ ತನ್ನ ಮುಖ ಬೇಡವಾಗುತ್ತದೆ. ಕಡೆಗೆ ಹೇಡಿಗೆ ತೋಚುವ ದಾರಿಯೇ ಅವನಿಗೂ ತೋಚಿತು: ಬಾಯಿ ಬಿಡದೆ, ತನ್ನ ಮನೆಯ ಜೋಳ ಚೀಲಕ್ಕೆ ತುಂಬಿಸಿ ಖಂಡೆಪ್ಪನ ಮನೆಗೆ ಕಳಿಸಿದ. ಎಂಥ ಧರ್ಮವಂತ ಎಂದು ಊರು ಹೊಗಳಿತು. ಒಂದೊಂದು ಹೊಗಳಿಕೆಯೂ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಮರುದಿನ ಖಂಡೆಪ್ಪ ತಾಯಿಯನ್ನು ಕರೆದುಕೊಂಡು ವಾಡೆಗೆ ಬಂದು, ನಾಲ್ಕು ಜನರೆದುರು ಮನ್ಮಥಪ್ಪನ ಕಾಲಿಗೆ ಬಿದ್ದ. ನೀನೂ ಬೀಳು ಎಂದು ತಾಯಿಗೆ ಹೇಳಿದ. ಮುದುಕಿ ಸೊಂಟ ಹಿಡಿದುಕೊಂಡು ಬಗ್ಗತೊಡಗಿದಳು. ಮನ್ಮಥಪ್ಪ ಕಾಲು ಹಿಂದಕ್ಕೆಳೆದುಕೊಂಡ.

"ಬ್ಯಾಡವ್ವ. ನಿಮ್ಮ ಹಗೇವಿಗಿ ನೀರು ಬಿಟ್ಟಾಂವಾ ನಾನು. ನನ್ನ ಸಲಾಕಿಗಿ ಕೊಳವಿ ಒಡೀತು. ಗೊತ್ತಿದ್ದೂ ಸುಮ್ಮನಿದ್ದೆ."

ಖಂಡೆಪ್ಪ ತಾಯಿಯ ಮುಖ ನೋಡಲಾರದೆ ನೆಲ ನೋಡಿದ. ಮಾಳವ್ವನಿಗೆ ಮಾತ್ರ ಆಶ್ಚರ್ಯವೇನೂ ಆದಂತಿರಲಿಲ್ಲ.

"ಹಗೇವು ತೆಗದಾಗೇ ನಂಗ ಗೊತ್ತಾತರೀ," ಎಂದಳು. "ಮಳಿ ನೀರಿಗಿ ಸೀಗಿಕಾಯಿ ವಾಸನಿ ಎಲ್ಲಿಂದ ಬರಬೇಕು? ನಿಮ್ಮ ಬಾಯಿಂದಲೇ ಬರಲಿ ಅಂತ ಕಾದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮಾತಿಗೆ ಮನ್ಮಥಪ್ಪನ ಕತ್ತು ಮೇಲೇಳಲಿಲ್ಲ.