ಒಂಬತ್ತು ಗಂಟೆಯ ಗಾಳಿ

"ತಲೆ ಕಡೆಯವರು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ. ಕಾಲಿನ ಕಡೆಯವರು ಹಾಗೇ ಇರಿ," ಎಂದ ಬಡಗಿ.

ಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಳತೆ ತೆಗೆದವನು ಬಡಗಿಯೇ. ಸತ್ತವನ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ತೆಗೆದಿದ್ದ, ಮೆಟ್ಟಿಲಿನ ಅಳತೆ ತೆಗೆದಿರಲಿಲ್ಲ. ಈಗ ಅದರ ಬಗ್ಗೆ ಮಾತಾಡುವಷ್ಟು ಉಸಿರು ಯಾರಲ್ಲೂ ಇರಲಿಲ್ಲ.

"ನಿಲ್ಲಿಸಿಯೇ ಇಳಿಸಿಬಿಡೋಣ," ಎಂದ ಸತ್ತವನ ಭಾವಮೈದ. ಬಸ್ ಡ್ರೈವರನಾದ್ದರಿಂದ ಇಕ್ಕಟ್ಟಾದ ತಿರುವುಗಳ ಬಗ್ಗೆ ಅವನ ಮಾತಿಗೆ ಬೆಲೆಯಿತ್ತು. "ಭಾವ ಬದುಕಿದ್ದಾಗಲೂ ಕೂತಿದ್ದು ಕಡಿಮೆ. ಬೇಜಾರು ಮಾಡ್ಕೊಳಲ್ಲ."

ಕಾಲಿನ ಕಡೆ ಹಿಡಿದಿದ್ದ ಚಿಕ್ಕವನ ಎದೆಯ ಮೇಲೆ ಭಾರವೆಲ್ಲ ಬಂದು ಕೂತಿತು. ಚಿಕ್ಕವನಿಗೆ ನಲವತ್ತೊಂಬತ್ತು ವರ್ಷ. ಬೆಟ್ಟದ ತುದಿಯ ಹವಾಮಾನ ಠಾಣೆಯಲ್ಲಿದ್ದವರು ಇಬ್ಬರೇ ವೀಕ್ಷಕರು. ಪೆಟ್ಟಿಗೆಯೊಳಗಿದ್ದವನು ಇಪ್ಪತ್ತಾರು ವರ್ಷದ ಹಿಂದೆ ಬಂದವನು, ಹಾಗಾಗಿ ಊರಿಗೆಲ್ಲ ದೊಡ್ಡವನು. ಇವನು ಬಂದು ಹನ್ನೊಂದು ವರ್ಷವಾಗಿತ್ತು. ತಲೆ ನೆರೆತರೂ ಚಿಕ್ಕವನಾಗಿಯೇ ಉಳಿದಿದ್ದ. ಮೂರು ದಿನದಿಂದ ಠಾಣೆಗೆ ಅವನೇ ಹಿರಿಯ, ಆದರೆ ಹೆಸರು ಬದಲಾಯಿಸಲು ಯಾರಿಗೂ ಬಾಯಿ ಬಂದಿರಲಿಲ್ಲ.

ಕೆಳಗೆ ಬೀದಿಯಲ್ಲಿ ಕಾಯುತ್ತಿದ್ದವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಸಾವಿನ ಮನೆಯ ಮುಂದೆ ತಗ್ಗಿದ ದನಿ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ದೊಡ್ಡವನು ಮೇಲಿನಿಂದ ಮಳೆ ಬರುವುದನ್ನು ನೋಡಿ ಹೆಂಡತಿಗೆ ಫೋನ್ ಮಾಡುತ್ತಿದ್ದನಂತೆ, ಬಟ್ಟೆ ಒಳಗೆ ತಗೋ ಎಂದು. ಅವಳು ಹಗ್ಗಕ್ಕೆ ಕೈಹಾಕಿದಳೆಂದರೆ ಇಡೀ ಬೀದಿ ಹಗ್ಗಕ್ಕೆ ಕೈಹಾಕುತ್ತಿತ್ತಂತೆ. ಮೂರು ವಾರಕ್ಕೊಮ್ಮೆ ಮನೆಗೆ ಬರುವ ಗಂಡ ಇದಕ್ಕಿಂತ ಹೆಚ್ಚಿನದೇನು ಮಾಡಬಲ್ಲ ಎಂದಳು ಒಬ್ಬಳು. ಇನ್ನೊಬ್ಬಳು ನಿಟ್ಟುಸಿರು ಬಿಟ್ಟು, "ಊರಿಗೆಲ್ಲ ಹೇಳಿದವರಿಗೆ ತಮ್ಮ ತಲೆ ಮೇಲಿನ ಗಾಳಿ ಗೊತ್ತಾಗ್ಲಿಲ್ಲ ನೋಡಿ," ಎಂದಳು.

ಈ ಮಾತು ಬೆಳಗಿನಿಂದ ಚಿಕ್ಕವನ ಕಿವಿಗೆ ಬಿದ್ದದ್ದು ಇದು ಐದನೇ ಸಲ. ಹೇಳಿದವರೆಲ್ಲ ತಾವೇ ಮೊದಲು ಹೇಳಿದೆವೆಂದುಕೊಂಡಿದ್ದರು.

ಪೆಟ್ಟಿಗೆಯ ಹಿಂದೆ, ಬಸ್ ಡ್ರೈವರ್ ತಮ್ಮನ ತೋಳು ಹಿಡಿದು, ಅತ್ತಿಗೆ ನಡೆದು ಬಂದಳು. ದೊಡ್ಡವನ ಹೆಂಡತಿಯನ್ನು ಚಿಕ್ಕವನು ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದ. ಎರಡು ಕಣ್ಣಿಗೂ ಪೊರೆ ಬಂದು ಅವಳಿಗೆ ಮನುಷ್ಯರು ಮಂಜಿನಲ್ಲಿ ನಿಂತ ಕಂಬಗಳ ಹಾಗೆ ಕಾಣುತ್ತಿದ್ದರು. ಪೊರೆ ತೆಗೆಸುವುದನ್ನು ಗಂಡ ಎರಡು ಸಲ ಮುಂದಕ್ಕೆ ಹಾಕಿದ್ದ, ಒಮ್ಮೆ ಹಿಮ ಬಿದ್ದು, ಒಮ್ಮೆ ಗಾಳಿಗೆ ದಾರಿ ಮುಚ್ಚಿ. ಮೂರನೇ ಸಲ ಬೆಟ್ಟ ಇಳಿದು ಬರುತ್ತಿದ್ದಾಗ ಪ್ರಪಾತಕ್ಕೆ ಬಿದ್ದು ಸತ್ತಿದ್ದ.

ಸ್ಮಶಾನದಲ್ಲಿ ಮಣ್ಣು ಹಾಕುವ ಸರದಿ ಬಂದಾಗ ಅತ್ತಿಗೆ ಹೊಂಡ ಎಲ್ಲಿದೆ ಎಂದು ತಮ್ಮನನ್ನು ಕೇಳಿಕೊಂಡು, ಅವನು ತೋರಿಸಿದ ಕಡೆಗೆ ಹಾಕಿದಳು. ಆಮೇಲೆ ಯಾರಿಗೂ ಅಲ್ಲದ ಹಾಗೆ, "ಈ ಸಲನಾದ್ರೂ ಬನ್ನಿ ಅಂತ ನಾನೇ ಅಂದಿದ್ದೆ. ನಾನೇ ಅವಸರ ಮಾಡಿಸಿದ್ದು," ಎಂದಳು.

ಚಿಕ್ಕವನು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ತಿರುಗಿದರೆ ಮೇಲಧಿಕಾರಿ, ಕಂಕುಳಲ್ಲಿ ಠಾಣೆಯ ರಿಜಿಸ್ಟರ್. ತೆರೆದ ಬಾಯಿಯನ್ನು ಚಿಕ್ಕವನು ಮುಚ್ಚಿಕೊಂಡ.

ಮೇಲಧಿಕಾರಿ ಕೆಟ್ಟವನಲ್ಲ. ಭರ್ತಿಯಾಗದ ನಮೂನೆ ಜೇಬಿನಲ್ಲಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೇ. ಚಿಕ್ಕವನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಸಮಾಧಾನದಿಂದಲೇ ಹೇಳಿದ:

"ನೋಡಯ್ಯ, ಸಂಜೆಯೊಳಗೆ ಅಪಘಾತದ ವರದಿ ಹೋಗ್ಬೇಕು. ಗಾಳಿ ಹದಿನೈದು ದಾಟಿದ್ರೆ ಬೆಟ್ಟ ಇಳಿಯೋ ದಾರಿ ಮುಚ್ಚೋದು ನಿಯಮ. ಇಲ್ಲಿ ಅವತ್ತು ಒಂಬತ್ತು ಗಂಟೆಗೆ ಗಾಳಿ ಐದು ಅಂತಿದೆ, ಕೆಳಗೆ ನಿನ್ನ ಸಹಿ ಇದೆ. ಐದರ ಗಾಳಿಗೆ ಟೋಪಿನೂ ಹಾರಲ್ಲ. ಹಾಗಾಗಿ ಕಾರಣ ಅನ್ನೋ ಜಾಗದಲ್ಲಿ ಮೃತರ ಅಜಾಗರೂಕತೆ ಅಂತ ಬರೆದಿದ್ದೀನಿ. ಮನೆಗೆ ಬಂದು ಸಾಕ್ಷಿ ಸಹಿ ಹಾಕಿಬಿಡು."

*

ದೊಡ್ಡವನು ಸತ್ತ ದಿನ ಬೆಳಿಗ್ಗೆ ಕಂಬದ ಮೇಲಿನ ಗಾಳಿಮಾಪಕದ ಬಟ್ಟಲುಗಳು ಹಿಮಗಟ್ಟಿ ನಿಂತುಹೋಗಿದ್ದವು. ಹಾಗಾದಾಗ ಮಾಡಬೇಕಾದ್ದು ಒಂದೇ. ಕೈಮಾಪಕ ಹಿಡಿದು ಹೊರಗೆ ಹೋಗಬೇಕು, ಠಾಣೆಯ ಕಟ್ಟೆಯ ಕೊನೆಯವರೆಗೂ ನಡೆದು, ಬಯಲಿಗೆ ಮುಖ ಮಾಡಿ, ಕೈ ಎತ್ತಿ ಹತ್ತು ನಿಮಿಷ ನಿಲ್ಲಬೇಕು. ದೊಡ್ಡವನು ಹಾಗೆ ನಿಂತು ಬಂದರೆ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿ, ನಾಟಕದಲ್ಲಿ ಅಜ್ಜನ ಪಾತ್ರಕ್ಕೆ ಬಣ್ಣ ಬಳಿದುಕೊಂಡವನ ಹಾಗೆ ಕಾಣುತ್ತಿದ್ದ. ಒಮ್ಮೆ ಕಾಲ್ಬೆರಳು ಮುರಿದಿದ್ದಾಗಲೂ ಕುಂಟಿಕೊಂಡು ಹೋಗಿ ಓದಿದ್ದ. ಇಷ್ಟು ಕಷ್ಟ ಯಾಕಣ್ಣ, ಯಾರು ನೋಡ್ತಾರೆ ಎಂದರೆ, "ಗಾಳಿ ನೋಡತ್ತೆ," ಎಂದು ನಗುತ್ತಿದ್ದ.

ಅಂದಿನ ಒಂಬತ್ತರ ಸರದಿ ಚಿಕ್ಕವನದು. ಮೂರು ದಿನದಿಂದ ನೆಗಡಿ, ಮೂಗು ಕಟ್ಟಿತ್ತು. ಬಾಗಿಲು ತೆರೆದು ಗೋಡೆಗೆ ಬೆನ್ನು ಕೊಟ್ಟು ನಿಂತ. ಅದು ಮರೆಯ ಜಾಗ. ಠಾಣೆಯ ಇಡೀ ಕಟ್ಟಡ ಗಾಳಿಗೆ ಅಡ್ಡವಾಗಿತ್ತು. ಅರ್ಧ ನಿಮಿಷ ಮಾಪಕ ಎತ್ತಿ ಹಿಡಿದ. ಮುಳ್ಳು ಐದರಲ್ಲಿ ಆಡುತ್ತಿತ್ತು. ಒಳಗೆ ಬಂದು ಸೆಕೆಂಡಿಗೆ ಐದು ಮೀಟರ್ ಎಂದು ಬರೆದ. ಸುಳ್ಳು ಬರೆಯುತ್ತಿದ್ದೇನೆಂದು ಅವನಿಗೆ ಅನ್ನಿಸಲಿಲ್ಲ. ಗೋಡೆಯ ಮರೆಯಲ್ಲಿ ಗಾಳಿ ನಿಜವಾಗಿಯೂ ಐದೇ ಇತ್ತು. ಇದು ಮೊದಲ ಸಲವೂ ಆಗಿರಲಿಲ್ಲ. ಹಿಂದೆ ನಾಲ್ಕಾರು ಸಲ ಹೀಗೆ ಮಾಡಿದ್ದ, ಬೆಟ್ಟ ಏನೂ ಅಂದಿರಲಿಲ್ಲ.

ದೊಡ್ಡವನು ಆಗಲೇ ಬೂಟು ಕಟ್ಟಿ, ಚೀಲ ಹೆಗಲಿಗೇರಿಸಿದ್ದ. ಕಿಟಕಿಗಳಿಗೆಲ್ಲ ಹಿಮ ಮೆತ್ತಿಕೊಂಡು ಹೊರಗೇನೂ ಕಾಣುತ್ತಿರಲಿಲ್ಲ. ರಿಜಿಸ್ಟರಿನ ಮೇಲೆ ಬಗ್ಗಿ ಅಂಕಿ ನೋಡಿದ. ಸ್ವಲ್ಪ ಹೊತ್ತು ನೋಡಿದ.

"ಐದೇನಾ?"

"ಐದೇ ಅಣ್ಣ."

"ಸದ್ದು ಜಾಸ್ತಿ ಅನ್ನಿಸ್ತಿತ್ತು."

"ತಗಡಿನ ಸದ್ದು."

ಓದಿ ಬರೆದ ಅಂಕಿಯ ಮೇಲೆ ಎರಡನೇ ಪ್ರಶ್ನೆ ಕೇಳುವುದು ಠಾಣೆಯಲ್ಲಿ ಮರ್ಯಾದೆಯಲ್ಲ. ಕೇಳಿದರೆ, ನೀನು ಹೊರಗೆ ಹೋಗಲಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ದೊಡ್ಡವನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ಹಾಗಾದ್ರೆ ಸರಿ," ಎಂದು ಕಿವಿಯ ಮೇಲೆ ಟೋಪಿ ಎಳೆದುಕೊಂಡ.

ಠಾಣೆಯಿಂದ ಮುನ್ನೂರು ಹೆಜ್ಜೆಯ ತನಕ ಬಂಡೆಯ ಆಸರೆಯಿದೆ. ಆಮೇಲೆ ಒಂದು ತಿರುವು, ಅದರಾಚೆ ಎರಡೂ ಕಡೆ ಪ್ರಪಾತವಿರುವ ಏಣು. ತಿರುವು ದಾಟುವವರೆಗೂ ಗಾಳಿ ಎಷ್ಟಿದೆಯೆಂದು ಗೊತ್ತಾಗುವುದಿಲ್ಲ. ದಾಟಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

*

ಮನೆಯಲ್ಲಿ ಬಂದವರೆಲ್ಲ ಹೋಗಿ ನಾಲ್ವರೇ ಉಳಿದಿದ್ದರು. ಎರವಲು ತಂದ ಕುರ್ಚಿಗಳು ಗೋಡೆಗೆ ಒರಗಿದ್ದವು. ಮೇಲಧಿಕಾರಿ ಊಟದ ಮೇಜಿನ ಮೇಲೆ ರಿಜಿಸ್ಟರ್ ಬಿಚ್ಚಿಟ್ಟು, ಅದರ ಮೇಲೆ ನಮೂನೆ ಹರವಿ, ಸಹಿಯ ಜಾಗಕ್ಕೆ ಬೆರಳು ತೋರಿಸಿದ. ಭಾವಮೈದ ಅದನ್ನು ಅಕ್ಕನಿಗೆ ಓದಿ ಹೇಳಿದ. ಅಜಾಗರೂಕತೆ ಎಂಬ ಪದವನ್ನು ಎರಡು ಸಲ ಓದಿದ.

ಅತ್ತಿಗೆ ತಲೆಯಾಡಿಸಿದಳು. "ಸರಿಯಾಗೇ ಇದೆ. ನನ್ನ ಕಣ್ಣಿಗೋಸ್ಕರ ಓಡಿ ಬಂದ್ರು. ಹಾಕಪ್ಪ ಸಹಿ."

ಚಿಕ್ಕವನು ಪೆನ್ನು ತೆಗೆದುಕೊಂಡ. ಸಹಿ ಹಾಕಲು ಎರಡು ಕ್ಷಣ ಸಾಕು. ಆಮೇಲೆ ಊಟ, ಆಮೇಲೆ ಬೆಟ್ಟ, ನಿವೃತ್ತಿಗೆ ಇನ್ನು ಹನ್ನೊಂದು ವರ್ಷ. ಎದುರಿಗೆ ಕೂತವಳಿಗೆ ತನ್ನ ಮುಖ ಕಾಣುವುದಿಲ್ಲ ಎನ್ನುವುದೂ ಅನುಕೂಲವೇ. ಈ ಅನುಕೂಲ ಹೊಳೆದದ್ದೇ ತಡ, ಅವನು ಪೆನ್ನು ಕೆಳಗಿಟ್ಟ.

"ಅಣ್ಣ ಅವಸರ ಮಾಡ್ಲಿಲ್ಲ ಅತ್ತಿಗೆ," ಎಂದ. ದನಿ ತನ್ನದಲ್ಲ ಅನ್ನಿಸಿತು. "ನಿಂತು, ಅಂಕಿ ನೋಡಿ, ನನ್ನನ್ನ ಕೇಳಿ ಹೊರಟರು. ಆ ಐದು ನಾನು ಬರೆದಿದ್ದು. ನಾನು ಕಟ್ಟೆ ಹತ್ರ ಹೋಗಿರ್ಲಿಲ್ಲ. ಬಾಗಿಲಲ್ಲೇ ನಿಂತು ಬರೆದೆ."

ಭಾವಮೈದನ ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಚಿಕ್ಕವನ ಅಂಗಿಯ ಕೊರಳಪಟ್ಟಿ ಆಗಲೇ ಅವನ ಮುಷ್ಟಿಯಲ್ಲಿತ್ತು. ಹೊಡೆದರೆ ಒಳ್ಳೆಯದು ಎಂದು ಚಿಕ್ಕವನು ಕಾದ.

"ಬಿಡು ಅವನನ್ನ," ಎಂದಳು ಅತ್ತಿಗೆ. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಗಂಡ ಫೋನ್ ಮಾಡಿದಾಗ ಮಳೆಯ ಬಗ್ಗೆ ತಾನು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು: "ನಿಜವಾಗ್ಲೂ ಎಷ್ಟಿತ್ತು?"

ಇದೊಂದು ಪ್ರಶ್ನೆಗೆ ಚಿಕ್ಕವನು ಸಿದ್ಧನಾಗಿರಲಿಲ್ಲ. ಮೂರು ರಾತ್ರಿ ಕೂತು ಎಲ್ಲ ಬೈಗುಳಕ್ಕೂ ಉತ್ತರ ಹೊಂದಿಸಿಕೊಂಡಿದ್ದ.

"ಗೊತ್ತಿಲ್ಲ ಅತ್ತಿಗೆ."

"ಇಪ್ಪತ್ತಿತ್ತಾ? ಮೂವತ್ತಾ? ಅವರು ಯಾವ ಗಾಳಿಗೆ ಹೋದ್ರು?"

"ಗೊತ್ತಿಲ್ಲ. ನಾನು ಓದ್ಲಿಲ್ಲ. ಬೇರೆ ಯಾರೂ ಓದ್ಲಿಲ್ಲ."

ಮೇಲಧಿಕಾರಿ ಮೊದಲು ಚೇತರಿಸಿಕೊಂಡ. ಇದರಿಂದ ಚಿಕ್ಕವನ ಕೆಲಸ ಉಳಿಯುವುದಿಲ್ಲವೆಂದ, ಅವನೊಬ್ಬನದಲ್ಲ, ಒಂದು ಅಂಕಿ ಸುಳ್ಳೆಂದರೆ ಠಾಣೆಯ ಅಷ್ಟೂ ವರ್ಷದ ಅಂಕಿಗಳನ್ನು ಜನ ಅನುಮಾನದಿಂದ ನೋಡುತ್ತಾರೆಂದ. ಚಿಕ್ಕವನು ಪೆನ್ನು ಮತ್ತೆ ಎತ್ತಿಕೊಳ್ಳದಿದ್ದಾಗ ನಮೂನೆಯನ್ನು ಮಡಚಿ, ರಿಜಿಸ್ಟರನ್ನು ಮುಂದಕ್ಕೆ ತಳ್ಳಿ, ಸೋತ ದನಿಯಲ್ಲಿ ಅಂದ: "ಸರಿ, ತಿದ್ದು. ಆದ್ರೆ ಜಾಗ ಖಾಲಿ ಬಿಡೋ ಹಾಗಿಲ್ಲ. ಅಂದಾಜಲ್ಲಿ ಒಂದು ಹಾಕು. ಇಪ್ಪತ್ತೈದು ಅನ್ನು, ಯಾರು ಕೇಳ್ತಾರೆ?"

"ಅಂದಾಜು ಬೇಡ," ಎಂದಳು ಅತ್ತಿಗೆ.

ಓದದೆ ತಪ್ಪಿಹೋದ ವೇಳೆಗೆ ಅವರ ಇಲಾಖೆಯಲ್ಲಿ ಹಾಕುವುದು ಕೆಂಪು ಶಾಯಿಯ ಒಂದು ಅಡ್ಡಗೀಟು. ಮೇಲಧಿಕಾರಿ ಒಲ್ಲದ ಮನಸ್ಸಿನಿಂದ ಕೆಂಪು ಪೆನ್ನು ಕೊಟ್ಟ. ಚಿಕ್ಕವನು ಐದನ್ನು ಹೊಡೆದು ಹಾಕಿ ಪಕ್ಕದಲ್ಲಿ ಗೀಟೆಳೆದ. ಪುಟದಲ್ಲಿ ಅದರ ಮೇಲೆ, ಎಡಕ್ಕೆ, ಹಿಂದಿನ ಪುಟಗಳಲ್ಲೆಲ್ಲ ಮೂರು ಗಂಟೆಗೊಂದರಂತೆ ಬರೆದ ಅಂಕಿಗಳ ನಡುವೆ ದೊಡ್ಡವನ ಗುಂಡು ಅಕ್ಷರದವು ಸಾಲುಗಟ್ಟಿ ನಿಂತಿದ್ದವು.

"ಎಲ್ಲಿ?" ಎಂದು ಅತ್ತಿಗೆ ಮೇಜಿನ ಮೇಲೆ ಕೈ ಆಡಿಸಿದಳು.

ಚಿಕ್ಕವನು ಅವಳ ತೋರುಬೆರಳು ಹಿಡಿದು, ಸಾಲುಗಳನ್ನು ದಾಟಿಸಿ, ಆ ಜಾಗದಲ್ಲಿ ಇಟ್ಟ. ಅವಳು ಅದನ್ನು ಉದ್ದಕ್ಕೂ ಸವರಿದಳು. ಶಾಯಿ ಇನ್ನೂ ಆರಿರಲಿಲ್ಲ. ಗೀಟು ಅವಳ ಬೆರಳಿನ ಹಿಂದೆಯೇ ಎಳೆದುಕೊಂಡು, ಪುಟದ ಅಂಚಿನವರೆಗೂ ಬಂತು.