ಬೈದರೂ ಲೆಕ್ಕಕ್ಕೆ

ರೋಗನಿರೋಧಕ ಶಕ್ತಿಯ ಸಂಶೋಧಕ ಡಾ. ಶಂಭುಲಿಂಗ ಅವರ ಪ್ರಬಂಧವೊಂದನ್ನು ಸಾವಿರ ಜನ ತಮ್ಮ ಲೇಖನಗಳಲ್ಲಿ ಹೆಸರಿಸಿದ್ದಾರೆಂದು ಧಾರವಾಡದ ಪ್ರಯೋಗಾಲಯದಲ್ಲಿ ಶಾಲು, ಹಾರ, ಪೇಢೆಯ ಸಂಭ್ರಮ. ಅವರ ಕೈಕೆಳಗಿನ ರಾಜೇಶ್ವರಿಗೆ ಮೈಯೆಲ್ಲ ಉರಿಯಿತು. ಆ ಪ್ರಬಂಧದಲ್ಲಿನ ಪ್ರಯೋಗವನ್ನು ವರ್ಷಗಟ್ಟಲೆ ಮಾಡಿ ನೋಡಿ, ಫಲಿತಾಂಶ ಸುಳ್ಳೆಂದು ಬರೆದವಳು ಅವಳು. ಸಾವಿರದಲ್ಲಿ ಬಹುಪಾಲು ಜನ ಬರೆದದ್ದೂ ಅದನ್ನೇ.

"ಇದರಾಗ ನಿನ್ನ ಪೇಪರೂ ಐತೇನವಾ?" ಸಾಹೇಬರು ಹಲ್ಲು ಕಿಸಿದರು.

"ಐತ್ರಿ ಸರ. ನಿಮ್ಮದು ಸುಳ್ಳು ಅಂತ ಬರದೇನ್ರಿ."

"ಹೊಗಳಿದ್ರೂ ಒಂದ, ಬೈದ್ರೂ ಒಂದ. ಲೆಕ್ಕಕ್ಕ ಬಂತಿಲ್ಲೋ?" ಎನ್ನುತ್ತ ಅವರು ತಮ್ಮ ಕೈಯಾರೆ ಅವಳ ಬಾಯಿಗೆ ಪೇಢೆ ತುರುಕಿದರು.

ಅವಳು ಓಡಿಹೋಗಿ ಸಿಂಕಿನಲ್ಲಿ ಉಗುಳಿದಳು. ಹಿಂದಿನಿಂದ ಸಾಹೇಬರ ದನಿ ಕೇಳಿಸಿತು: "ಲಗೂ ಇನ್ನೊಂದು ಬರಿಯವಾ. ಈ ಸಲ ಇನ್ನೂ ಜೋರ ಬೈ!"